ಗಾಳಿಗೊಂದು ಮರೆ

ಮಧ್ಯಾಹ್ನ ಕಳೆದು ಸಮುದ್ರದ ಗಾಳಿ ಪರ್ತ್ ಊರಿನೊಳಕ್ಕೆ ನುಗ್ಗುವ ಹೊತ್ತಿನಲ್ಲಿ ನೀವು ಮೋರ್ಲಿಯ ನಮ್ಮ ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿಗೆ ಬಂದರೆ ಒಂದು ತಮಾಷೆ ನೋಡಬಹುದು. ಗಿರಾಕಿಗಳು ಎಲ್ಲೆಂದರಲ್ಲಿ ಬಿಟ್ಟುಹೋದ ಖಾಲಿ ಟ್ರಾಲಿಗಳು, ಯಾರೂ ತಳ್ಳದಿದ್ದರೂ, ಮದುವೆಮನೆಯಲ್ಲಿ ಕೆಲಸವಿಲ್ಲದ ನೆಂಟರ ಹಾಗೆ ತಾವಾಗಿಯೇ ಅತ್ತಿತ್ತ ಸುಳಿದಾಡತೊಡಗುತ್ತವೆ. ಅವನ್ನು ಹಿಡಿದು, ಒಂದರೊಳಗೊಂದು ತೂರಿಸಿ, ಹಿಂಬದಿಯ ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸುವುದೇ ನನ್ನ ಉದ್ಯೋಗ. ಗೋಡೆಯ ಆ ಪಕ್ಕ ಗಾಳಿ ಹುಚ್ಚೆದ್ದು ಕುಣಿಯುತ್ತಿದ್ದರೂ ಈ ಪಕ್ಕ ಒಂದು ತರಗೆಲೆಯೂ ಅಲುಗುವುದಿಲ್ಲ. ಇದಕ್ಕೆ ನಾವು 'ಮರೆ' ಎನ್ನುತ್ತೇವೆ. ಪಿಯುಸಿಯನ್ನೇ ದಾಟಲಾರದ ನನಗೆ ಗೊತ್ತಿರುವ ಪದಗಳು ಕಡಿಮೆ; ಅವುಗಳಲ್ಲಿ ಇದೊಂದು ನನ್ನನ್ನು ಬಿಡದೆ ಕಾಡುತ್ತದೆ. ನಾಮಪದವಾಗಿ ನಿಂತರೆ ಆಸರೆ, ಕ್ರಿಯಾಪದವಾಗಿ ಎದ್ದರೆ ವಿಸ್ಮರಣೆ. ಯಾರ ಮರೆಯಲ್ಲಿ ಬೆಳೆದೆಯೋ ಅವರನ್ನೇ ಮರೆ ಎಂದು ಭಾಷೆಯೇ ಅಪ್ಪಣೆ ಕೊಟ್ಟಂತಿದೆಯಲ್ಲ ಎಂದು, ನನ್ನ ತಪ್ಪನ್ನು ವ್ಯಾಕರಣದ ತಲೆಗೆ ಕಟ್ಟಲು ನೋಡಿದ್ದೂ ಉಂಟು.

ನಾನು ಬೆಳೆದದ್ದು ಅಕ್ಕನ ಮರೆಯಲ್ಲಿ. ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನ ಕೋಪ ಹಜಾರದಿಂದ ಹೊರಟರೆ, ನನ್ನನ್ನು ಮುಟ್ಟುವ ಮೊದಲು ಅದು ಅಕ್ಕನನ್ನು ದಾಟಬೇಕಿತ್ತು. ಅವಳು ಬಾಗಿಲಿಗೆ ಅಡ್ಡ ನಿಂತು, "ಅಪ್ಪಾ, ಪರೀಕ್ಷೆ ದಿನ ಅವನಿಗೆ ಜ್ವರ ಇತ್ತು" ಎನ್ನುತ್ತಿದ್ದಳು. ನನಗೆ ಬಂದಷ್ಟು ಜ್ವರ ಮೈಸೂರಿನಲ್ಲಿ ಇನ್ಯಾರಿಗೂ ಬಂದಿರಲಾರದು. ಅವಳು ಓದಿ ಎಂಜಿನಿಯರ್ ಆಗಿ ಅಡಿಲೇಡಿನ ಮಾಸನ್ ಲೇಕ್ಸ್ ಬಡಾವಣೆ ಸೇರಿದಳು. ನಾನು ನರ್ಸ್ ಆದ ಹೆಂಡತಿಯ ವೀಸಾದ ಸೆರಗು ಹಿಡಿದು ಪರ್ತಿಗೆ ಬಂದೆ. ಒಂದೇ ದೇಶ ಎನ್ನುತ್ತಾರೆ, ಆದರೆ ನಡುವೆ ಇರುವ ಬಯಲು ನೋಡಿದರೆ ನಾವಿಬ್ಬರೂ ಎರಡು ದ್ವೀಪಗಳೇ ಸರಿ.

ಹೋದ ವರ್ಷ ಭಾವ ಬೇರೆ ಮನೆ ಮಾಡಿಕೊಂಡು ಹೊರಟುಹೋದರು. ಕೆಲವು ವಾರಗಳ ಮೇಲೆ ಅಕ್ಕನ ಫೋನ್ ಬಂತು.

"ಲೋ ಪುಟ್ಟು, ಕ್ವೀನ್ಸ್‌ಲ್ಯಾಂಡ್ ಮೇಲ್ಗಡೆ ದ್ವೀಪಗಳ ಮಧ್ಯೆ ಹಾಯಿದೋಣೀಲಿ ಸುತ್ತಿಸ್ತಾರಂತೆ. ರಾತ್ರಿ ದೋಣೀಲೇ ಮಲಗೋದು. ನಮ್ಮಿಬ್ಬರಿಗೂ ಬುಕ್ ಮಾಡ್ಬಿಟ್ಟೆ. ಬ್ರಿಸ್ಬೇನಲ್ಲಿ ಸೇರ್ಕೊಂಡು ಹೋಗೋಣ."

ನಾನು ರಜೆ ಪಡೆದೆ. ಅಗಲ ಅಂಚಿನ ಒಂದು ಹುಲ್ಲಿನ ಟೋಪಿ ಕೊಂಡೆ. ಹೊರಡುವ ದಿನ ಹತ್ತಿರವಾದಂತೆ ಹೆದರಿಕೆ ಶುರುವಾಯಿತು. ನೀರಿನ ಹೆದರಿಕೆಯಲ್ಲ. ನನ್ನ ಎಲ್ಲ ಜ್ವರಗಳ ಗುಟ್ಟು ಬಲ್ಲವಳ ಜೊತೆ, ಇಳಿದು ಓಡಲಾಗದ ದೋಣಿಯಲ್ಲಿ ಕೂರಬೇಕು. ಭಾವನ ಮಾತು ಬಂದೇ ಬರುತ್ತದೆ. ಆಗ ನಾನೇನು ಹೇಳಲಿ? ಹುಟ್ಟಿದಂದಿನಿಂದ ಮರೆಯಲ್ಲೇ ಇದ್ದವನಿಗೆ ಇನ್ನೊಬ್ಬರಿಗೆ ಮರೆಯಾಗಿ ನಿಲ್ಲುವ ವಿದ್ಯೆ ಎಲ್ಲಿಂದ ಬರಬೇಕು? ಅಕ್ಕ ಆಗಲೇ ಬ್ರಿಸ್ಬೇನ್ ತಲುಪಿದ್ದಳು. ನಾನು ಇನ್ನೂ ಪರ್ತಿನಲ್ಲೇ, ಪಿಯಾರಾ ವಾಟರ್ಸಿನ ನಮ್ಮ ಅಡುಗೆಮನೆಯಲ್ಲಿ ನಿಂತು, "ಅಕ್ಕಾ, ರಜಾ ಕ್ಯಾನ್ಸಲ್ ಆಗೋಯ್ತು, ಬಾಸ್ ಬಿಡ್ತಿಲ್ಲ" ಎಂದೆ. ಕನ್ನಡ ಅರ್ಥವಾದರೂ ಆಡದ ನನ್ನ ಮಗಳು ಪಕ್ಕದಿಂದ, "ಬಟ್ ಡ್ಯಾಡ್, ಯೂ ಆರ್ ಆನ್ ಲೀವ್!" ಎಂದು ಕೂಗಿದಳು. ನಾನು ಫೋನಿಗೆ ಅಂಗೈಯನ್ನು ಮರೆ ಹಿಡಿದೆ. ಆ ಕಡೆಯಿಂದ ಅಕ್ಕ, "ಹೋಗ್ಲಿ ಬಿಡೋ, ಪಾಪ, ನೀನೇನ್ ಮಾಡ್ತೀಯ" ಎಂದಳು.

ಅವಳು ಒಬ್ಬಳೇ ಹೋದಳು. ದಿನವೂ ವಿಡಿಯೋ ಕಳಿಸಿದಳು. ಕಾಡು ಹೊದ್ದ ಗುಡ್ಡಗಳು ನೀರಿನಿಂದ ನೇರ ಎದ್ದು ನಿಂತಿದ್ದವು. ಒಂದರ ಹಿಂದೊಂದು, ದೂರ ಹೋದಷ್ಟೂ ನೀಲಿಯಾಗುತ್ತ. ಅವುಗಳ ನಡುವೆ ನೀರು ಹಸಿರುಗಾಜಿನ ಹಾಗೆ. ಲಂಗರಿನ ಸರಪಳಿ ತಳದ ಮರಳಿನವರೆಗೂ ಕಾಣುತ್ತಿತ್ತು. "ನೋಡೋ, ತಟ್ಟೇಲಿ ಹುಯ್ದಂಗಿದೆ ನೀರು. ಆ ದ್ವೀಪ ಗಾಳಿಗೆ ಅಡ್ಡ ನಿಂತಿದೆಯಂತೆ, ನಾವು ಅದರ ಮರೇಲಿದೀವಿ" ಎಂದು ಅವಳ ದನಿ. ಇನ್ನೊಂದರಲ್ಲಿ ದೋಣಿಯ ಒಳಕೋಣೆ, ಅವಳ ಮಂಚದ ಮೇಲೆ ನನಗೆಂದಿದ್ದ ಮಂಚ. ಮಡಿಸಿಟ್ಟ ಹೊದಿಕೆ ಮಡಿಸಿದಂತೆಯೇ ಇತ್ತು.

ಕೆಲಸಕ್ಕೆ ಮರಳಿದ ದಿನ ಬಾಸ್, ದೇವರಂಥ ಮನುಷ್ಯ, "ಹೇಗಿತ್ತು ಟ್ರಿಪ್, ಮೇಟ್?" ಎಂದು ಕೇಳಿದ. ನಾನು "ಬ್ಯೂಟಿಫುಲ್" ಎಂದೆ. ಹಸಿರು ನೀರು, ನೀಲಿ ಗುಡ್ಡ, ಎಲ್ಲ ವರ್ಣಿಸಿದೆ. ಅಂದಿನಿಂದ ಆ ಪ್ರವಾಸವನ್ನು ಎಷ್ಟು ಜನರಿಗೆ ವರ್ಣಿಸಿದ್ದೇನೆಂದರೆ, ನಾನು ಕಾಣದ ಆ ನೀರಿಗೆ ನನ್ನ ಜೀವ ಈಗ ನಿಜವಾಗಿಯೂ ಹಂಬಲಿಸುತ್ತದೆ. ಟ್ರಾಲಿಗಳ ಸಾಲು ತಳ್ಳುವಾಗ ಕಣ್ಣೆದುರು ದ್ವೀಪಗಳ ಸಾಲು. ಮಲಗಿದರೆ ಮೇಲಿನ ಮಂಚದ ಮಡಿಸಿದ ಹೊದಿಕೆ.

ಮೊನ್ನೆ ಅಕ್ಕನ ಫೋನ್ ಮತ್ತೆ ಬಂತು. ನಾನು ಗೋಡೆಯ ಪಕ್ಕ ಟೀ ಕುಡಿಯುತ್ತಿದ್ದೆ.

"ಅದೇ ದೋಣಿ ಕಣೋ. ಈ ಸಲನಾದ್ರೂ ಬಿಡ್ತಾನಾ ನಿನ್ನ ಬಾಸು?"

ನಾಲಗೆಯ ತುದಿಗೆ ಜ್ವರವೊಂದು ಬಂದು ಕೂತಿತ್ತು. ಅದನ್ನು ನುಂಗಿದೆ. "ಅಕ್ಕಾ, ಹೋದ ಸಲವೂ ಬಿಟ್ಟಿದ್ದ. ರಜಾ ಇತ್ತು. ನಾನೇ ಬರ್ಲಿಲ್ಲ. ನಿನ್ನ ಮುಖ ನೋಡೋಕೆ ಧೈರ್ಯ ಸಾಲ್ಲಿಲ್ಲ."

"ಅಯ್ಯೋ ಕತ್ತೆ! ದೋಣೀಲಿ ಇದ್ದೋರಿಗೆಲ್ಲ ನಿನ್ನ ಬಾಸ್ ರಾಕ್ಷಸ ಅಂತ ಹೇಳಿಟ್ಟಿದೀನಲ್ಲೋ! ಕ್ಯಾಪ್ಟನ್ನೂ ಸೇರಿ ಬೈದ!" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಒಂದು ದ್ವೀಪ ಬಿಟ್ಟು ಇನ್ನೊಂದಕ್ಕೆ ಹೋಗೋವಾಗ ಮಧ್ಯ ಯಾವ ಮರೇನೂ ಇರಲ್ಲ ಪುಟ್ಟು. ಅಲೆ ಎತ್ತೆತ್ತಿ ಹಾಕುತ್ತೆ. ಅಲ್ಲೆಲ್ಲ ಬಕೆಟ್ ತಬ್ಕೊಂಡು ವಾಂತಿ ಮಾಡ್ತಾ ಕೂತಿದ್ದೆ. ಅದರ ವಿಡಿಯೋ ಕಳಿಸ್ಲಿಲ್ಲ, ಅಷ್ಟೇ."

ದಿನವೂ ಗಾಳಿಯಲ್ಲೇ ದುಡಿಯುವ ನನಗೆ ಇದು ಹೊಳೆದಿರಲಿಲ್ಲ. ಅವಳು ಕಳಿಸಿದ್ದೆಲ್ಲ ಮರೆಯ ನೀರು. ಬಯಲ ನೀರನ್ನು ನನ್ನಿಂದ ಮರೆಮಾಚಿದ್ದಳು. ಅಲ್ಲಿಯೂ ಬಾಗಿಲಿಗೆ ಅಡ್ಡ ನಿಂತವಳು ಅವಳೇ.

"ಬರ್ತೀನಿ. ಬಕೆಟ್ ನಾನ್ ಹಿಡಿತೀನಿ" ಎಂದೆ.

"ಮತ್ತೆ ಬ್ರಿಸ್ಬೇನಲ್ಲಿ ಒಬ್ಬಳನ್ನೇ ಕೂರಿಸ್ಬೇಡ."

ಫೋನ್ ಇಟ್ಟವನು ಟ್ರಾಲಿಗಳನ್ನು ನೋಡಿದೆ. ಗೋಡೆಯ ಈ ಪಕ್ಕ ಅವು ನೆಮ್ಮದಿಯಾಗಿ ನಿಂತಿದ್ದವು. ಏನನ್ನಿಸಿತೋ, ಸುತ್ತಿಕೊಂಡು ಆ ಪಕ್ಕಕ್ಕೆ ಹೋಗಿ ಗಾಳಿಗೆ ಎದೆಕೊಟ್ಟು ನಿಂತೆ. ಬ್ರಿಸ್ಬೇನಿಗೆಂದು ಕೊಂಡು ಕಾರ್ ಪಾರ್ಕಿನಲ್ಲೇ ಸವೆಸಿದ ಆ ಹುಲ್ಲಿನ ಟೋಪಿ ತಲೆಯಿಂದ ಎದ್ದು, ಕಾರುಗಳ ಮೇಲೆ ಉರುಳುರುಳಿ ಹೋಯಿತು. ನಾನು ಅದರ ಹಿಂದೆ ಓಡಲಿಲ್ಲ. ಟೋಪಿ ಹಿಡಿದುಕೊಳ್ಳುವವನಿಗೆ ಒಂದೇ ಕೈ ಉಳಿಯುತ್ತದೆ. ಬಕೆಟ್ ಹಿಡಿಯಲು ಎರಡೂ ಬೇಕು.