ಟ್ಯಾಂಕಿನೊಳಗಿನ ಬಡಿತ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರುಮಾಡಿದರೆ "ರಾತ್ರಿ ಏನು ತಿಂದಿದ್ರಿ?" ಎಂದು ಕೇಳುವ ಜಾತಿ ನನ್ನದು. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ನನ್ನ ವೆಲ್ಡಿಂಗ್ ಶೆಡ್ಡು. ಹೊಸದಾಗಿ ಸಿಒಟು ಮೆಷಿನ್ ತಂದಿದ್ದೆವು. ಕಡ್ಡಿಯ ಬದಲು ಅದರಲ್ಲಿ ತಂತಿ ತಾನಾಗಿ ಬರುತ್ತದೆ, ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಗ್ಯಾಸು ಬೆಸುಗೆಗೆ ಗಾಳಿ ತಾಗದಂತೆ ಕಾಯುತ್ತದೆ. ಅದು ಬಂದಾಗಿನಿಂದ ನನ್ನ ಬಾಮೈದ ಷಡಕ್ಷರಿಗೆ ಹೆಂಡತಿ ಬಂದಷ್ಟು ಖುಷಿ. ನಿಜವಾದ ಹೆಂಡತಿಯೂ ಗೊತ್ತಾಗಿದ್ದಳು, ಮದುವೆ ಹತ್ತಿರವೇ ಇತ್ತು.

ಆ ಮಧ್ಯಾಹ್ನ ಆಯನೂರಿನಿಂದ ನೀರಿನ ಟ್ಯಾಂಕರು ಬಂದಿತ್ತು. ಒಳಗೆ ಬಿರುಕು. ಬೆಸೆಯುವ ಮುಂಚೆ ತುಕ್ಕು, ಬಣ್ಣ ಚೂರೂ ಉಳಿಯದಂತೆ ಉಜ್ಜುವುದೇ ಅರ್ಧ ಕೆಲಸ. ಷಡಕ್ಷರಿ ತಂತಿ ಬ್ರಷ್ಷು ಹಿಡಿದು, ವೆಲ್ಡಿಂಗ್ ಗನ್ನನ್ನೂ ಎಳೆದುಕೊಂಡು ಒಳಗಿಳಿದ. ಇಳಿಯುವಾಗ ಟ್ಯಾಂಕಿನ ಬಾಯಿಗಿಟ್ಟಿದ್ದ ಫ್ಯಾನನ್ನು ಆರಿಸಿದ.

"ಈಗ್ಲೇ ಯಾಕೋ ಮಾರಾಯ?" ಎಂದೆ.

"ಗಾಳಿಗೆ ಗ್ಯಾಸ್ ಹಾರ್ಹೋದ್ರೆ ಬೆಸುಗೆಯೆಲ್ಲಾ ತೂತು ಬೀಳುತ್ತೆ ಭಾವ."

ಒಳಗೆ ಗ್ಯಾಸಿನ ಪೈಪು ಸೋರುತ್ತಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಆ ಗ್ಯಾಸಿಗೆ ವಾಸನೆಯಿಲ್ಲ. ತಳದಲ್ಲಿ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳಿಬಿಡುತ್ತದೆ.

ನಾನು ಹೊರಗೆ ಕುಳಿತು ತೇಪೆಯ ಪ್ಲೇಟಿನ ಅಂಚನ್ನು ಗ್ರೈಂಡರಿನಲ್ಲಿ ಓರೆ ಮಾಡುತ್ತಿದ್ದೆ. ಒಳಗಿದ್ದವನಿಗೆ ಏನಾದರೂ ಬೇಕಾದರೆ ಸುತ್ತಿಗೆಯಿಂದ ಟ್ಯಾಂಕಿನ ಗೋಡೆಗೆ ಎರಡು ಬಾರಿ ಬಡಿಯುವುದು ನಮ್ಮ ಶೆಡ್ಡಿನ ರೂಢಿ. ಟಣ್ ಟಣ್ ಎಂದು ಕೇಳಿತು. ಗ್ರೈಂಡರು ಓಡುವಾಗ ಪಕ್ಕದಲ್ಲಿ ಬಸ್ಸಿನ ಹಾರನ್ನೂ ನನಗೆ ಕೇಳಿಸುವುದಿಲ್ಲ, ಇದು ಕೇಳಿತು. "ಇರೋ, ಬಂದೆ" ಎಂದು ಕೂಗಿ ಕೆಲಸ ಮುಂದುವರಿಸಿದೆ. ಬಡಿತ ನಿಲ್ಲಲಿಲ್ಲ. ಟಣ್ ಟಣ್, ಟಣ್ ಟಣ್. "ಎಂಥದೋ ನಿನ್ ಗೋಳು!" ಎಂದು ಗೊಣಗುತ್ತಾ ಎದ್ದು ಬಗ್ಗಿ ನೋಡಿದೆ.

ಷಡಕ್ಷರಿ ಮಕಾಡೆ ಬಿದ್ದಿದ್ದ. ಕೈಕಾಲು ಅಲ್ಲಾಡುತ್ತಿರಲಿಲ್ಲ.

ಸಿಲಿಂಡರ್ ಬಂದ್ ಮಾಡಿ, ಉಸಿರು ಬಿಗಿಹಿಡಿದು ಇಳಿದೆ. ಟ್ಯಾಂಕರಿನ ಡ್ರೈವರು ಮೇಲಿನಿಂದ ಅವನ ತೋಳು ಹಿಡಿದು ಎಳೆದ. ನೆರಳಲ್ಲಿ ಮಲಗಿಸಿ ಟವಲಿನಿಂದ ಗಾಳಿ ಬೀಸುತ್ತಾ ನಾನು ಹೆಂಗಸರಂತೆ ಅತ್ತೆ ಎಂದು ಡ್ರೈವರು ಈಗಲೂ ಆಡಿಕೊಳ್ಳುತ್ತಾನೆ. ಅಳಲಿಲ್ಲ ಎಂದು ಯಾರು ಹೇಳಿದರು? ಕೊನೆಗೆ ಅವನು ಕಣ್ಣುಬಿಟ್ಟ. ಅಂಥ ಸುಖ ನಾನು ಮತ್ತೆ ಕಂಡಿಲ್ಲ.

ಒಳಗೆ ಸುತ್ತಿಗೆ ಇರಲಿಲ್ಲ, ಅದು ನನ್ನ ಕಾಲ ಬಳಿಯೇ ಬಿದ್ದಿತ್ತು. ಕಾದ ಪ್ಲೇಟು ತಣಿಯುವಾಗ ಸದ್ದು ಮಾಡುವುದುಂಟು, ಆದರೆ ನಾವಿನ್ನೂ ಬೆಸುಗೆ ಶುರುಮಾಡಿರಲೇ ಇಲ್ಲ. ಸುದ್ದಿ ಕೇಳಿ ಅವನ ತಾಯಿ, ಅಂದರೆ ನನ್ನ ಅತ್ತೆ, ಮನೆದೇವರ ಹೆಸರು ಹೇಳಿ ಕೈಮುಗಿದರು. ನಾನು ಹೋಗಿ ಗ್ಯಾಸಿನ ಪೈಪು ಬದಲಿಸಿದೆ.

ಮದುವೆ ಚೆನ್ನಾಗಿಯೇ ನಡೆಯಿತು. ಊಟದ ಪಂಕ್ತಿಯಲ್ಲಿ ಮದುಮಗ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಅವತ್ತು ಒಳ್ಳೆ ನಿದ್ದೆ ಬರ್ತಿತ್ತು. ನೀವ್ಯಾಕೆ ಭಾವ ಹೊರಗಿಂದ ಒಂದೇ ಸಮ ಬಡೀತಿದ್ರಿ?"