ಅತ್ತೆಯ ಕೈತುತ್ತು ತಿಂದ ಮೀನು

ನಮ್ಮ ಮನೆಯಲ್ಲಿ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು ಮೂವರು: ನಾನು, ನನ್ನ ಅತ್ತೆ, ಮತ್ತು ಹಜಾರದ ಗಾಜಿನ ತೊಟ್ಟಿಯಲ್ಲಿರುವ ಮೀನು. ನನ್ನ ಗಂಡ ಒಬ್ಬರೇ ತಣ್ಣಗಿನ ಮನುಷ್ಯ. ಪಾಪ, ಈ ಮೂವರ ನಡುವೆ ಹೇಗೆ ಬದುಕುತ್ತಿದ್ದಾರೋ ಆ ಕಾಶಿ ವಿಶ್ವನಾಥನಿಗೇ ಗೊತ್ತು.

ಮೀನಿನ ಜಾತಿ ಆಸ್ಕರ್. ಅಂಗೈಗಿಂತ ದೊಡ್ಡದು, ಕಪ್ಪು ಮೈ, ಮೈತುಂಬ ಕೆಂಡದ ಬಣ್ಣದ ಗೆರೆ. ನಾನು ಪಾಠ ಮಾಡುವ ವಿಶ್ವವಿದ್ಯಾಲಯದಲ್ಲಿ ಸಹೋದ್ಯೋಗಿಯೊಬ್ಬರು ಊರು ಬಿಡುವಾಗ, ಸಾಕುವುದು ಬಹಳ ಸುಲಭ ಎಂದು ಹೇಳಿ ತೊಟ್ಟಿಯ ಸಮೇತ ನನ್ನ ತಲೆಗೆ ಕಟ್ಟಿದರು. ಸುಲಭವಂತೆ ಸುಲಭ! ತೊಟ್ಟಿಯೊಳಗಿನ ಕಲ್ಲುಗಳನ್ನು ನಾನು ಅಂದವಾಗಿ ಜೋಡಿಸಿದರೆ ಅದು ಒಂದೊಂದನ್ನೇ ಬಾಯಲ್ಲಿ ಕಚ್ಚಿ ಎಳೆದು ತನಗೆ ಬೇಕಾದ ಕಡೆ ಎಸೆಯುತ್ತಿತ್ತು. ನೀರಿನ ಬಿಸಿ ನೋಡಲು ಅಂಟಿಸಿದ ಥರ್ಮಾಮೀಟರನ್ನು ಕಿತ್ತು ಬಿಸಾಕುತ್ತಿತ್ತು. ಮೊದಲ ಸಲ ನೀರು ಬದಲಾಯಿಸಿದಾಗ ಮಗ್ಗುಲಾಗಿ ತಳಕ್ಕೆ ಬಿದ್ದುಕೊಂಡಿತು. ಸತ್ತೇ ಹೋಯಿತೆಂದು ನಾನು ಅತ್ತುಬಿಟ್ಟೆ. ಮರುದಿನ ನೋಡಿದರೆ ಏನೂ ಆಗದವರ ಹಾಗೆ ಈಜುತ್ತಿದೆ. ಅದು ಮುನಿಸು! ಹೇಳದೆ ಕೇಳದೆ ತನ್ನ ನೀರು ಮುಟ್ಟಿದ್ದಕ್ಕೆ ಮುನಿಸು. "ಥೇಟ್ ನೀನೇ ಕಣೆ" ಎಂದರು ನನ್ನ ಗಂಡ.

ಆದರೆ ಸಂಜೆ ಕ್ಲಾಸು ಮುಗಿಸಿ ಬಂದು ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಸಾಕು, ಗಾಜಿಗೆ ಮೂಗು ಒತ್ತಿ ಬಾಲ ಕುಣಿಸುತ್ತಿತ್ತು. ಬೆರಳನ್ನು ಎತ್ತ ಆಡಿಸಿದರೆ ಅತ್ತ ಬರುತ್ತಿತ್ತು. ಕಾಶಿಯ ಅಸ್ಸಿ ಘಾಟಿನ ಬಳಿಯ ಈ ಮಹಡಿ ಮನೆಯಲ್ಲಿ ನನ್ನನ್ನು ಕಂಡು ಅಷ್ಟು ಸಂಭ್ರಮ ಪಡುವವರು ಬೇರೆ ಯಾರೂ ಇರಲಿಲ್ಲ. ನನಗೆ ಅದರ ಮೇಲೆ ಜೀವ.

ಒಂದೇ ತಕರಾರು ಊಟದ್ದು. ಆಸ್ಕರ್ ಬೇಟೆಯ ಮೀನು. ಹಳೆಯ ಮನೆಯಲ್ಲಿ ಅದಕ್ಕೆ ಜೀವಂತ ಸಣ್ಣ ಮೀನುಗಳನ್ನೇ ಹಾಕಿ ರೂಢಿ ಮಾಡಿದ್ದರು. ನಾನೂ ಗೋದೌಲಿಯಾ ಪೇಟೆಯ ಹಿಂದಿನ ಗಲ್ಲಿಯ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಮರಿಮೀನು ತಂದು ಹಾಕುತ್ತಿದ್ದೆ. ಅಂಗಡಿಯವನು ಚೀಲಕ್ಕೆ ಗಂಟು ಹಾಕುತ್ತ ಪ್ರತಿ ಸಲವೂ "ರಾಕ್ಷಸ್ ಹೈ ಮೇಡಂಜೀ, ರಾಕ್ಷಸ್!" ಎಂದು ನಗುತ್ತಿದ್ದ. ಮೀನು ಒಂದೇ ನೆಗೆತಕ್ಕೆ ಗುಳುಂ ಮಾಡುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಹೀಗಿರುವಾಗ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಹಾಸನದ ಕಡೆಯ ಹಳ್ಳಿಯಿಂದ ಬಂದರು. ಮಾವ ತೀರಿಕೊಂಡು ವರ್ಷಾಂತಿಕ ಮುಗಿದಿತ್ತು. ಅವರು ಬಂದದ್ದು ನಮ್ಮ ಮನೆಗಲ್ಲ, ಕಾಶಿಗೆ. ಕೊನೆಗಾಲ ಇಲ್ಲೇ ಕಳೆದು ಗಂಗೆಯ ಮಡಿಲಲ್ಲಿ ಕಣ್ಣು ಮುಚ್ಚಬೇಕು, ಇನ್ನು ಒಂದು ಎಳ್ಳಿನಷ್ಟು ಪಾಪವೂ ತನಗೆ ಅಂಟಬಾರದು ಎಂಬುದು ಅವರ ಹಟ. ಕನ್ನಡದ ವಿಧವೆಯರು ಇರುವ ಮಠವೊಂದರಲ್ಲಿ ಜಾಗ ಕೇಳಿಯೂ ಇದ್ದರು. ಮಠದಲ್ಲಿ ಕೊಠಡಿ ಖಾಲಿ ಇರಲಿಲ್ಲವಾದ್ದರಿಂದ ನಮ್ಮಲ್ಲಿ ಉಳಿದರು.

ಉಳಿದರು, ಮತ್ತು ನನ್ನ ದಿನಗಳೇ ಬದಲಾದವು. ಈ ಊರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಿಂದಿ ಆಡಿ ಆಡಿ ನನ್ನ ನಾಲಿಗೆ ಒಣಗಿ ಹೋಗಿತ್ತು. ಗಂಡನ ಬಾಯಿಂದ ನಾಲ್ಕು ಮಾತು ಬರಬೇಕಾದರೆ ಹಬ್ಬ ಬರಬೇಕು. ಅತ್ತೆಯೋ, ತರಕಾರಿ ಗಾಡಿಯವನ ಹತ್ತಿರವೂ "ಏ ಭೈಯಾ, ಎಳೇದು ನೋಡಿ ಕೊಡಪ್ಪ, ಬಲಿತಿದ್ದು ಕೊಟ್ರೆ ನಾಳೆ ತಂದು ನಿನ್ನ ತಲೆ ಮೇಲೆ ಹಾಕ್ತೀನಿ" ಎಂದು ಕನ್ನಡದಲ್ಲೇ ಗದರಿಸಿ ಎಳೆಯದನ್ನೇ ತರುತ್ತಿದ್ದರು. ನಾವಿಬ್ಬರೂ ಒಗ್ಗರಣೆಗೆ ಜಗಳವಾಡಿದೆವು, ಬಟ್ಟೆ ಒಣಹಾಕುವುದಕ್ಕೆ ಜಗಳವಾಡಿದೆವು. ಕನ್ನಡದಲ್ಲಿ ಮನಸಾರೆ ಜಗಳವಾಡುವ ಸುಖ ಪರಸ್ಥಳದಲ್ಲಿದ್ದವರಿಗೇ ಗೊತ್ತು. ಅವರು ಮಠಕ್ಕೆ ಹೋಗಬಾರದು, ನಮ್ಮ ಹತ್ತಿರವೇ ಇರಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಲೂ ಹೆದರಿಕೆಯಾಗುತ್ತಿತ್ತು.

ಮೀನಿನ ಊಟವನ್ನು ಅತ್ತೆ ಕಣ್ಣಾರೆ ಕಂಡ ದಿನ ಎಲ್ಲ ಕೆಟ್ಟಿತು.

"ಅಯ್ಯೋ ಶಿವನೇ! ಕಾಶೀಲಿ ಕೂತ್ಕೊಂಡು ಜೀವ ತೆಗೆಸ್ತೀಯೇನೇ? ಅದೂ ದೇವರ ಮನೆ ಎದುರಿಗೆ?"

"ಅತ್ತೆ, ಅದು ಮೀನು. ಮೀನು ತಿನ್ನೋ ಮೀನು. ನಾನೇನು ಮಾಡ್ಲಿ?"

"ನೀನು ಏನಾದ್ರೂ ಮಾಡ್ಕೋ. ಕೊಲೆ ಆಗೋ ಮನೇಲಿ ನಾನು ನೀರೂ ಕುಡಿಯಲ್ಲ. ಮಠದಲ್ಲಿ ಕಟ್ಟೆ ಮೇಲಾದ್ರೂ ಮಲಗ್ತೀನಿ."

ಅವರು ಆಡಿದ್ದನ್ನು ಮಾಡುವ ಹೆಂಗಸು. ನಾನು ಸೋತೆ. ಜೀವಂತ ಮರಿ ಹಾಕುವುದನ್ನು ನಿಲ್ಲಿಸಿ, ಅಂಗಡಿಯಿಂದ ಕಾಳಿನಂಥ ಒಣ ಆಹಾರದ ಡಬ್ಬಿ ತಂದೆ. ಗಂಡ ಫೋನಿನಲ್ಲಿ ಓದಿ, ಅದೇ ಒಳ್ಳೆಯದಂತೆ, ಅಂಗಡಿಯ ಮರಿಮೀನುಗಳಿಂದ ರೋಗ ಬರುತ್ತದಂತೆ, ಮೊದಮೊದಲು ಮೀನು ಹಟ ಮಾಡುತ್ತದೆ, ಹಸಿವಾದರೆ ತಾನೇ ತಿನ್ನುತ್ತದೆ ಎಂದು ಧೈರ್ಯ ಹೇಳಿದರು. ನಮ್ಮ ಮಹಾರಾಯ ಮೊದಲ ಕಾಳನ್ನು ಬಾಯಿಗೆ ತೆಗೆದುಕೊಂಡ, ನನ್ನ ಮುಖ ನೋಡಿದ, ಥೂ ಎಂದು ಉಗಿದ. ಮರುದಿನವೂ ಹಾಗೆಯೇ. ಸರಿ, ನನ್ನ ಹಟವೇನು ಕಡಿಮೆಯೇ, ನೋಡೇಬಿಡೋಣ ಎಂದು ನಾನೂ ಕಾದೆ.

ಆದರೆ ದಿನಗಳು ಹೋದಂತೆ ಮೀನು ಬೇರೆಯೇ ಆಯಿತು. ನಾನು ಬಂದರೆ ಗಾಜಿನ ಬಳಿ ಬರುತ್ತಿರಲಿಲ್ಲ. ಕಲ್ಲುಗಳು ಇಟ್ಟಲ್ಲೇ ಇದ್ದವು. ಥರ್ಮಾಮೀಟರು ನೆಟ್ಟಗಿತ್ತು. ಕೆಂಡದ ಗೆರೆಗಳು ಮಂಕಾಗಿ ಬೂದಿ ಕವಿದಂತಾದವು. ಮೂಲೆಯಲ್ಲಿ ತಲೆ ಕೆಳಗೆ ಮಾಡಿಕೊಂಡು ಸುಮ್ಮನೆ ನಿಂತಿರುತ್ತಿತ್ತು. ಹಸಿವಿನಿಂದ ಸೊರಗುತ್ತಿದೆ ಎಂದುಕೊಂಡೆ. ಒಂದು ಬೆಳಿಗ್ಗೆ ತಡೆಯಲಾರದೆ ಅತ್ತೆಯ ಮೇಲೆ ಹರಿಹಾಯ್ದೆ.

"ನಿಮ್ಮ ಪುಣ್ಯಕ್ಕೆ ಅದು ಉಪವಾಸ ಸಾಯ್ತಿದೆ ನೋಡಿ!"

"ಯಾವ ಉಪವಾಸಾನೂ ಇಲ್ಲ, ಹೋಗೇ" ಎಂದರು ಅತ್ತೆ. ಆ ಮಾತಿಗೆ ನಾನು ಕಿವಿ ಕೊಡಲಿಲ್ಲ. ಕೋಪ ಬಂದಾಗ ನನಗೆ ಕಿವಿಯೇ ಇರುವುದಿಲ್ಲ. ಅತ್ತೆಯೂ ಮುಖ ಊದಿಸಿಕೊಂಡು ಮಠಕ್ಕೆ ಫೋನು ಮಾಡಿಸಿ, ಕೊಠಡಿ ಖಾಲಿಯಾದ ತಕ್ಷಣ ತಿಳಿಸಿ ಎಂದು ಹೇಳಿದರು.

ಹೇಗೂ ಹೋಗುವವರು ಹೋಗುತ್ತಾರೆ, ಇದಾದರೂ ಬದುಕಲಿ ಎಂದು ನಾನು ಆವತ್ತೇ ಸಂಜೆ ಒಂದು ಮರಿಮೀನು ತಂದು, ಅತ್ತೆ ನೋಡುತ್ತಿರುವಂತೆಯೇ ತೊಟ್ಟಿಗೆ ಬಿಟ್ಟೆ. ಈ ಸಲ ಕಣ್ಣು ಮುಚ್ಚಲಿಲ್ಲ. ಮರಿ ನೇರ ಹೋಗಿ ಆಸ್ಕರಿನ ಬಾಯಿಯ ಮುಂದೆಯೇ ಸುಳಿದಾಡಿತು. ಅದು ಅಲುಗಲಿಲ್ಲ. ಮರಿ ಅದರ ಕಣ್ಣ ಪಕ್ಕದಲ್ಲಿ ಉಜ್ಜಿಕೊಂಡು ಹೋಯಿತು. ಆಗಲೂ ಇಲ್ಲ.

ಅತ್ತೆ ಎರಡೂ ಕೈ ಎತ್ತಿ ಮುಗಿದರು. "ನೋಡ್ದೇನೇ? ಕಾಶಿ ಅಂದ್ರೆ ಸುಮ್ನೇನಾ? ಬುದ್ಧಿ ಬಂತು ಅದಕ್ಕೆ. ಸಾಧುವಾಯ್ತು!"

ಮಾರನೆಯ ದಿನ ಘಾಟಿನಲ್ಲಿ ಸ್ನಾನಕ್ಕೆ ಸಿಕ್ಕ ಕನ್ನಡದ ಅಜ್ಜಿಯರಿಗೆಲ್ಲ ಈ ಸುದ್ದಿ ಹಬ್ಬಿಸಿದರು. ಒದ್ದೆ ಸೀರೆಯ ಗಂಟು ಹಿಡಿದುಕೊಂಡು ಅವರು ಮಹಡಿ ಹತ್ತಿ ಬಂದರು. ಒಬ್ಬರು ತೊಟ್ಟಿಗೆ ಕುಂಕುಮ ಹಚ್ಚಿದರು. "ಪೂರ್ವಜನ್ಮದ ಸಂನ್ಯಾಸಿ ಇರ್ಬೇಕು ಕಣ್ರೀ" ಎಂದು ಇನ್ನೊಬ್ಬರು ಗಲ್ಲ ಬಡಿದುಕೊಂಡರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆದರೆ ಬೇಟೆಯ ಮೀನು ಬಾಯಿಗೆ ಬಂದದ್ದನ್ನು ಬಿಟ್ಟರೆ ಅದು ವೈರಾಗ್ಯವಲ್ಲ, ಕಾಯಿಲೆ.

ಅಜ್ಜಿಯರು ಹೋದ ಮೇಲೆ ಮೇಲಿನಿಂದ ಬಗ್ಗಿ ನೋಡಿದೆ. ಹೊಟ್ಟೆ ಎರಡೂ ಕಡೆ ಉಬ್ಬಿಕೊಂಡಿತ್ತು. ಉಪವಾಸವಿದ್ದ ಮೀನಿಗೆ ಹೊಟ್ಟೆ ಎಲ್ಲಿಂದ ಬಂತು? ಕೊಳವೆ ಹಾಕಿ ತಳದ ಕಸ ಎಳೆದರೆ, ಕಲ್ಲಿನ ಸಂದಿಯಿಂದ ಬೆಳ್ಳಗೆ ಅಂಟಂಟಾಗಿ ಏನೋ ಬಂತು. ಬೆರಳಲ್ಲಿ ಹಿಸುಕಿ ನೋಡಿದೆ. ಗೋಧಿಹಿಟ್ಟು.

ಇಲ್ಲಿ ಘಾಟುಗಳಲ್ಲಿ ಗಂಗೆಯ ಮೀನುಗಳಿಗೆ ಹಿಟ್ಟಿನ ಉಂಡೆ ಹಾಕುವುದು ಪುಣ್ಯದ ಕೆಲಸ. ಅತ್ತೆಯೂ ದಿನಾ ಬೆಳಿಗ್ಗೆ ಹಿಟ್ಟು ಕಲಸಿ ಒಯ್ಯುತ್ತಿದ್ದರು.

"ಅತ್ತೆ, ಇದಕ್ಕೂ ಹಿಟ್ಟಿನುಂಡೆ ಹಾಕಿದ್ರಾ?"

"ಹಾಕ್ದೇ ಇರ್ತೀನಾ? ನೀನು ಕಾಲೇಜಿಗೆ ಹೋದ್ಮೇಲೆ ದಿನಾ ಹಾಕ್ತೀನಿ. ಚೂರು ಬೆಲ್ಲಾನೂ ಸೇರ್ಸಿ. ಮೊದ್ಲು ಉಗೀತು. ಆಮೇಲೆ ನನ್ನ ಕೈಯಿಂದ್ಲೇ ತಿನ್ನಕ್ಕೆ ಶುರು ಮಾಡ್ತು. ಹೊಟ್ಟೆ ತುಂಬಿದ್ರೆ ಯಾರಾದ್ರೂ ಯಾಕೆ ಕೊಲ್ತಾರೆ ಹೇಳು? ಅದಕ್ಕೇ ಸಾಧು ಆಗಿದ್ದು."

ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ಆದರೂ ಹೇಳಬೇಕಾಯಿತು: ಮಾಂಸ ತಿನ್ನುವ ಮೀನಿಗೆ ಹಿಟ್ಟು ಅರಗುವುದಿಲ್ಲ, ಒಳಗೆ ಗಟ್ಟಿಯಾಗಿ ಕಟ್ಟಿಕೊಂಡಿದೆ, ಹೊಟ್ಟೆ ಉಬ್ಬಿ ಅದು ಸಾಯುತ್ತಿರಬಹುದು.

ಅತ್ತೆ ಸೋಫಾದ ಅಂಚಿನಲ್ಲಿ ಕುಸಿದು ಕೂತರು. "ಹಾಗಾದ್ರೆ ನಾನೇ ಕೊಲ್ತಾ ಇದ್ನಾ?" ಎಂದರು. ಆ ದನಿ ಕೇಳಿ ನನ್ನ ಕೋಪವೆಲ್ಲ ಇಳಿದುಹೋಯಿತು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಹಿಟ್ಟು ಕಲಸಿ ಕಲಸಿ ಒರಟಾದ ಕೈ. ಇಷ್ಟು ದಿನ ಗುದ್ದಾಡಿದರೂ ಆ ಕೈಯನ್ನು ನಾನು ಹಿಡಿದದ್ದು ಅದೇ ಮೊದಲು.

ಮರಿಮೀನನ್ನು ಬಾಟಲಿಗೆ ಹಾಕಿ ತುಳಸಿಯ ಪಕ್ಕ ಇಟ್ಟೆವು. ತೊಟ್ಟಿಯ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿದೆವು. ಹೊರಗೆ ಬನಾರಸದ ಚಳಿಗಾಲ, ಮಂಜಿನಲ್ಲಿ ಎದುರು ಮನೆ ಕಾಣುತ್ತಿರಲಿಲ್ಲ. ಕೆಲವು ದಿನ ಮೀನಿಗೆ ಪೂರ್ತಿ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿ ಕೊಟ್ಟರೆ ಕಟ್ಟಿದ ಹೊಟ್ಟೆ ಸಡಿಲವಾಗುತ್ತದೆ ಎಂದು ಗಂಡ ಓದಿ ಹೇಳಿದರು. ಅತ್ತೆಯೂ ಊಟ ಬಿಟ್ಟರು.

"ನಿಮಗೇನಾಗಿದೆ? ಸಕ್ಕರೆ ಕಾಯಿಲೆ ಇರೋರು!"

"ಅದನ್ನ ಉಪವಾಸ ಕೆಡವಿ ನಾನು ಗಡದ್ದಾಗಿ ತಿನ್ಲಾ? ಹಾಲು ಹಣ್ಣು ತಗೋತೀನಿ, ಸುಮ್ನಿರು."

ಬಟಾಣಿಗೇನು ಬರವೇ, ಆ ಕಾಲದಲ್ಲಿ ಈ ಊರಿಗೆ ಊರೇ ಅವಲಕ್ಕಿಗೆ ಬಟಾಣಿ ಬೆರೆಸಿ ತಿನ್ನುತ್ತದೆ. ಅತ್ತೆ ಇರುವುದರಲ್ಲೇ ಎಳೆಯದನ್ನು ಆರಿಸಿ, ಮೆತ್ತಗೆ ಬೇಯಿಸಿ, ಸಿಪ್ಪೆ ತೆಗೆದು ತೊಟ್ಟಿಯ ಮೇಲೆ ಬೆರಳಲ್ಲಿ ಹಿಡಿದರು. "ಬಾರೋ, ನಮ್ಮಪ್ಪ. ತಪ್ಪಾಯ್ತು ಬಾ. ಇದೊಂದು ತಿನ್ನು." ನಾನು ಕೊಟ್ಟಾಗ ತಿರುಗಿಯೂ ನೋಡದ ಮೀನು ಅತ್ತೆಯ ದನಿಗೆ ಮೆಲ್ಲಗೆ ಮೇಲೆದ್ದು ಬಂತು. ಬಾಯಿಗೆ ತೆಗೆದುಕೊಂಡಿತು. ಉಗಿಯಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಆ ವಾರದಲ್ಲಿ ಹೊಟ್ಟೆ ಇಳಿಯಿತು, ಗೆರೆಗಳಿಗೆ ಬಣ್ಣ ಬಂತು. ಒಂದು ಮಧ್ಯಾಹ್ನ ನಾನು ತೊಟ್ಟಿಯೊಳಗೆ ಕೈ ಹಾಕಿ ಕಲ್ಲು ಸರಿಮಾಡುತ್ತಿದ್ದಾಗ ಬಾಲದಿಂದ ಬಡಿದು ನನ್ನ ಸೀರೆಯನ್ನೆಲ್ಲ ತೋಯಿಸಿತು. "ಬಂತು ನೋಡು ಹಳೇ ದುರಹಂಕಾರ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ಬಟಾಣಿ ಔಷಧಿ, ಊಟವಲ್ಲ. ಒಣ ಆಹಾರದ ಡಬ್ಬಿಯನ್ನು ಮತ್ತೆ ತೆಗೆದೆ. ಈಗ ಅದರದೊಂದು ಹೊಸ ಹಟ: ಅತ್ತೆಯ ಕೈಯಿಂದಲ್ಲದೆ ಏನನ್ನೂ ತಿನ್ನುವುದಿಲ್ಲ. ನಾನು ಹಾಕಿದ ಕಾಳು ತಳಕ್ಕೆ ಹೋಯಿತು.

"ಕೊಡು, ನಾನು ಹಾಕ್ತೀನಿ" ಎಂದು ಅತ್ತೆ ಕೈ ಚಾಚಿದರು. ಆಮೇಲೆ ಕೈ ತಡೆದು ಕೇಳಿದರು: "ಇದನ್ನ ಯಾತ್ರಲ್ಲಿ ಮಾಡ್ತಾರೆ?"

ಸುಳ್ಳು ಹೇಳಬಹುದಿತ್ತು. ಡಬ್ಬಿಯ ಮೇಲಿನ ಅಕ್ಷರ ಅವರಿಗೆ ಓದಲು ಬಾರದು. ಆದರೆ ಪಾಪಕ್ಕೆ ಅಷ್ಟು ಹೆದರುವ ಜೀವಕ್ಕೆ ತಿಳಿಯದಂತೆ ಪಾಪ ಮಾಡಿಸುವುದೇ?

"ಮೀನು ಒಣಗಿಸಿ ಪುಡಿ ಮಾಡಿ ಮಾಡ್ತಾರೆ ಅತ್ತೆ. ಜೀವಂತ ಅಲ್ಲ. ಆದ್ರೆ ಮೀನೇ."

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ದಿನವೂ ಮರುದಿನವೂ ಅದರ ಮಾತೆತ್ತಲಿಲ್ಲ. ಮೀನು ಗಾಜಿಗೆ ಮೂಗು ಒತ್ತಿ ಅವರು ಹೋದಲ್ಲೆಲ್ಲ ನೋಡುತ್ತಿತ್ತು. ನಾನು ಮನಸ್ಸಿನಲ್ಲೇ ಅವರನ್ನು ಮಠಕ್ಕೆ ಕಳಿಸಿಕೊಟ್ಟು ಅಳುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಮಠದಿಂದ ಫೋನು ಬಂತು. ಅತ್ತೆಗೆ ಕಿವಿ ಸ್ವಲ್ಪ ಮಂದ, ಸ್ಪೀಕರಿಗೆ ಹಾಕಿ ತೊಟ್ಟಿಯ ಪಕ್ಕದ ಮೇಜಿನ ಮೇಲಿಟ್ಟೆ. "ಅಮ್ಮಾ, ನಿಮ್ಮ ಪುಣ್ಯ. ಕೊಠಡಿ ಖಾಲಿ ಆಗಿದೆ. ಕಿಟಕಿ ತೆಗೆದ್ರೆ ಗಂಗೆ. ನಾಳೇನೇ ಬಂದ್ಬಿಡಿ" ಎಂದಿತು ಹೆಂಗಸಿನ ದನಿ. ನಾನು ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆಯ ಮುಂದೆ ನಿಂತೆ. ಅಲ್ಲಿಂದ ಅವರ ಮುಖ ಕಾಣುತ್ತಿತ್ತು.

"ಒಂದು ನಿಮಿಷ ತಡ್ಕೊಳಮ್ಮ" ಎಂದರು ಅತ್ತೆ. ಡಬ್ಬಿಯ ಮುಚ್ಚಳ ತೆಗೆದರು. ಒಂದು ಕಾಳನ್ನು ಎರಡು ಬೆರಳಲ್ಲಿ ಹಿಡಿದು, ಮುಖವನ್ನು ಗಂಟಿಕ್ಕಿಕೊಂಡು ನೀರಿಗೆ ಇಳಿಬಿಟ್ಟರು. ಮೀನು ಮೇಲೆ ಬಂದು ಬೆರಳಿನಿಂದಲೇ ಕಸಿದು ನುಂಗಿತು. ಇನ್ನೊಂದು ಕೊಟ್ಟರು. ಅದನ್ನೂ ನುಂಗಿತು.

"ನಾನು ಬರಕ್ಕಾಗಲ್ಲಮ್ಮ" ಎಂದು ಫೋನಿಗೆ ಹೇಳಿದರು. "ನಾನೀಗ ಮೀನಿಗೆ ಮೀನು ತಿನ್ನಿಸಿದೀನಿ. ಈ ಕೈ ಇನ್ನು ನಿಮ್ಮ ಮಠಕ್ಕೆ ಆಗಲ್ಲ. ಆ ರೂಮು ಇನ್ಯಾರಿಗಾದ್ರೂ ಕೊಡಿ."

"ಅಯ್ಯೋ, ಅದಕ್ಕೆ ಪ್ರಾಯಶ್ಚಿತ್ತ ಇದೆ, ಅಮ್ಮಾ..."

"ದಿನಾ ತಿನ್ನಿಸೋದಕ್ಕೆ ದಿನಾ ಪ್ರಾಯಶ್ಚಿತ್ತ ಮಾಡ್ಲಾ? ಇಲ್ಲಿ ಎರಡು ಜೀವ ಇದೆ. ಒಂದು ನನ್ನ ಕೈಯಿಂದ ಆಗದಿದ್ರೆ ತಿನ್ನಲ್ಲ, ಇನ್ನೊಂದು ನನ್ನ ಜೊತೆ ಜಗಳ ಆಡದಿದ್ರೆ ತಿನ್ನಲ್ಲ. ಆ ಪಾಪ ಎಷ್ಟಾಗತ್ತೋ ನನ್ನ ಲೆಕ್ಕಕ್ಕೇ ಇರ್ಲಿ ಬಿಡು."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅತ್ತೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಅಡುಗೆಮನೆಯ ಕಡೆ ನೋಡಿ, "ಹಾಲು ಉಕ್ತಾ ಇದೆ, ಕಣ್ಣು ಕಾಣಲ್ವೇನೇ?" ಎಂದು ಗದರಿದರು.