ತಾಮೂ ಮಗುಚಿ ಹೊಲಿದ ಕೋಣೆ

ಸಲಾ ಊರಿನ ಹಳೆಯ ಕೋಟೆಯೊಳಗೆ ತಾಮೂಳನ್ನು ಕರೆಸದೆ ರಂಜಾನ್ ಬರಮಾಡಿಕೊಂಡ ಬಡವರ ಮನೆ ಇರಲಿಲ್ಲ ಎನ್ನಬೇಕು. ಉಪವಾಸಕ್ಕೆ ಇನ್ನು ಮೂರು ವಾರ ಇದೆ ಎನ್ನುವಾಗ ಅವಳ ಓಡಾಟ ಶುರುವಾಗುತ್ತಿತ್ತು. ಹೆಗಲ ಮೇಲೆ ತುಂಡುಬಟ್ಟೆಗಳ ಗಂಟು, ಕುತ್ತಿಗೆಗೆ ಅಳತೆಪಟ್ಟಿ, ತುಟಿಗಳ ನಡುವೆ ಎರಡು ಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು. ಒಂದು ದಿನವೂ ನುಂಗಿಕೊಂಡವಳಲ್ಲ.

ನಮ್ಮವರ ಹುಚ್ಚು ನಮಗೇ ಗೊತ್ತು. ಮನೆಯವರೆಲ್ಲ ಅಡುಗೆಮನೆಯ ಮೂಲೆಯಲ್ಲಿ ಮುದುಡಿಕೊಂಡು ಮಲಗಿಯಾರು, ಆದರೆ ಅತಿಥಿಕೋಣೆ ಮಾತ್ರ ಲಕಲಕ ಅನ್ನುತ್ತಿರಬೇಕು. ಮೂರು ಗೋಡೆಗೂ ತಾಗಿದ ದಿವಾನು, ಅದರ ಮೇಲೆ ಉಣ್ಣೆಯ ಹಾಸಿಗೆ, ಸಾಲು ದಿಂಬು, ನಡುವೆ ದುಂಡು ಮೇಜು. ದಿವಾನಿನ ಬಟ್ಟೆ ಮಾಸಿದರೆ ಮನೆಯ ಮಾನವೇ ಮಾಸಿದ ಹಾಗೆ. ಹೊಸ ಬಟ್ಟೆ ಕೊಳ್ಳಲು ಕೈಯಲ್ಲಿ ಕಾಸಿಲ್ಲದವರು ತಾಮೂಳ ಬಾಗಿಲಿಗೆ ಬರುತ್ತಿದ್ದರು.

"ಹೊಸ ಬಟ್ಟೆ ಯಾರಿಗೆ ಬೇಕೇ? ಇರೋದನ್ನ ತೋರ್ಸು," ಎನ್ನುತ್ತಿದ್ದಳು ಅವಳು. ಹರಿದ ಪರದೆ ದಿಂಬಾಗುತ್ತಿತ್ತು. ಗಂಡನ ಹಳೆಯ ನಿಲುವಂಗಿ ಪೀಠದ ಹೊದಿಕೆಯಾಗುತ್ತಿತ್ತು. ಬಣ್ಣಗೆಟ್ಟ ಹಾಸುಬಟ್ಟೆಯನ್ನು ದಾಳಿಂಬೆ ಸಿಪ್ಪೆಯ ನೀರಿನಲ್ಲಿ ಕುದಿಸಿ ಬಿಸಿಲಿಗೆ ಹರವಿದರೆ ಸಂಜೆಗೆ ಜೇನಿನ ಬಣ್ಣದ ಪರದೆ ತಯಾರು. ದರ್ಜಿಗಳು ಎಸೆದ ಅಂಚುಗಳನ್ನು ಸೇರಿಸಿ ಮೇಜಿಗೆ ಹಾಸುವುದನ್ನು ಹೊಲಿದರೆ, ಕಂಡವರು ಎಲ್ಲಿ ಕೊಂಡಿರಿ ಎಂದು ಕೇಳುವ ಹಾಗಿರುತ್ತಿತ್ತು. ಕೆಲಸ ಹಿಡಿಯುವಾಗ ಎಲ್ಲ ಮನೆಯಲ್ಲೂ ಅವಳದು ಒಂದೇ ಜಂಬ.

"ನಾಳೆ ಸಂಜೆ ಬಂದು ನೋಡು. ಇದು ನಿನ್ನ ಮನೆ ಅಂತ ನಿಂಗೇ ಗುರ್ತು ಸಿಕ್ಬಿಟ್ರೆ ನಂಗೆ ಒಂದು ಕಾಸೂ ಕೊಡ್ಬೇಡ!"

ಈ ಮಾತನ್ನು ಅವಳು ನೂರಾರು ಮನೆಗಳಲ್ಲಿ ಆಡಿದ್ದಳು. ಯಾರೂ ಅವಳಿಗೆ ಕಾಸು ತಪ್ಪಿಸಿರಲಿಲ್ಲ.

ಅವಳ ಗಂಡ ಮೀಲೂದ್ ಹಾಸಿಗೆ ಮಾಡುವವನು. ಉಣ್ಣೆಯನ್ನು ಮಾಳಿಗೆಯ ಮೇಲೆ ಹರವಿ, ಎರಡು ಕೋಲಿನಿಂದ ಬಡಿದು, ಬಿಡಿಸಿ, ತುಂಬಿ, ಬಾಗಿದ ಸೂಜಿಯಿಂದ ಅಂಚು ಕಟ್ಟುತ್ತಿದ್ದ. ಹಾಸಿಗೆ ಅವನದು, ಹೊದಿಕೆ ಅವಳದು. ಮೂವತ್ತೇಳು ವರ್ಷ ಹೀಗೇ ಇಬ್ಬರೂ ಒಟ್ಟಿಗೆ ಮನೆಮನೆ ತಿರುಗಿದರು. ಅವನ ಬಾಯಿಂದ ಅವಳ ಕೆಲಸಕ್ಕೆ ಒಂದು ಒಳ್ಳೆಯ ಮಾತು ಬಂದದ್ದನ್ನು ಕೇಳಿದವರಿಲ್ಲ. ಗಿರಾಕಿಗಳು ಹೊಗಳಿದರೆ, "ಹಾಸಿಗೆ ನಂದು. ಇವಳು ಅದಕ್ಕೆ ಅಂಗಿ ತೊಡಿಸ್ತಾಳೆ, ಅಷ್ಟೆ," ಎನ್ನುತ್ತಿದ್ದ.

ತಮಾಷೆಯ ಮನುಷ್ಯ. ದಿನವೂ ಸಂಜೆ ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿ ಹೊರಗೆ ನಿಲ್ಲುತ್ತಿದ್ದ. "ಇಲ್ಲಿ ಬಟ್ಟೆ ಹೊಲಿಯೋ ಮುದುಕಿ ಒಬ್ಳು ಇದಾಳಂತಲ್ಲ, ಸಿಗ್ತಾಳಾ?" ತಾಮೂ ಒಳಗಿಂದಲೇ, "ಇಲ್ಲ, ಸತ್ಲು. ಮುಂದಿನ ಮನೆ ನೋಡು," ಎನ್ನುತ್ತಿದ್ದಳು. ತಮಾಷೆ ಮಾಡುವಾಗ ಅವನ ಎಡಮೀಸೆಯ ತುದಿ ತುಸು ಮೇಲೇಳುತ್ತಿತ್ತು. ಆ ಗುರುತು ಅವಳೊಬ್ಬಳಿಗೇ ಗೊತ್ತಿತ್ತು.

ಊರಿಗೆಲ್ಲ ಹೊಸ ಕೋಣೆ ಮಾಡಿಕೊಟ್ಟವಳು ತನ್ನ ಕೋಣೆಯನ್ನು ಮುಟ್ಟಿರಲಿಲ್ಲ. ಒಬ್ಬಳೇ ಮಗಳು ಸುಕೈನಾ ಹುಟ್ಟಿದ ವರ್ಷ ಮೀಲೂದ್ ಫೆಜ್ ಪಟ್ಟಣಕ್ಕೆ ಹೋಗಿದ್ದವನು ಅಲ್ಲಿಯ ನೇಕಾರನೊಬ್ಬನಿಂದ ಜರಿಬಟ್ಟೆಯ ಉಳಿಕೆ ಸುರುಳಿಯೊಂದನ್ನು ಹೊತ್ತು ತಂದಿದ್ದ. ಕೆಂಪು ಒಡಲು, ಹಳದಿ ದಾಳಿಂಬೆ ಹೂ. ಜೀವಮಾನದಲ್ಲಿ ಅವನು ತಾನಾಗಿ ಕೊಂಡು ತಂದ ಬಟ್ಟೆ ಅದೊಂದೇ. ಇಪ್ಪತ್ತೇಳು ವರ್ಷ ಆ ಬಟ್ಟೆಯೇ ಕೋಣೆಯ ದಿವಾನಿನ ಮೇಲಿತ್ತು. ಕೂತು ಕೂತು ಕೆಂಪೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹೂಗಳನ್ನು ಹುಡುಕಬೇಕಾಗಿತ್ತು.

ಎರಡು ವರ್ಷದ ಕೆಳಗೆ ಮೀಲೂದನ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು. ಆಮೇಲೆ ಚಹಾಕ್ಕೆ ಸಕ್ಕರೆ ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕತೊಡಗಿದ. ಒಂದು ದಿನ ಮಸೀದಿಯಿಂದ ಬರುವ ದಾರಿಯೇ ಹೋಯಿತು. ದವಾಖಾನೆಯ ದಾದಿ ತಾಮೂಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು: "ಮನೆಯಲ್ಲಿ ಯಾವ ಸಾಮಾನನ್ನೂ ಜಾಗ ಬದಲಾಯಿಸ್ಬೇಡಿ ಅಮ್ಮಾ. ಕಣ್ಣಿಗೆ ರೂಢಿ ಇದ್ದದ್ದು ರೂಢಿ ಇದ್ದಲ್ಲೇ ಇರ್ಲಿ."

ತಾಮೂ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಒಂದು ದಿಂಬನ್ನೂ ಬೆರಳಿನಷ್ಟು ಸರಿಸಲಿಲ್ಲ. ಅಂಥವಳೇ ಒಮ್ಮೆ ತಪ್ಪಿದ್ದಕ್ಕೆ ಆಮೇಲೆ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಅವಳಿಂದ ಆಗಲಿಲ್ಲ.

ಈ ವರ್ಷ ಸುಕೈನಾಳನ್ನು ಕೇಳಲು ನದಿಯಾಚೆಯ ರಬಾತಿನಿಂದ ಗಂಡಿನ ಕಡೆಯವರು ಶುಕ್ರವಾರ ಬರುತ್ತೇವೆ ಎಂದು ಹೇಳಿ ಕಳಿಸಿದರು. ಪಕ್ಕದ ಮನೆಯ ಬಹೀಜಾ ಬಾಗಿಲಲ್ಲಿ ನಿಂತು ಕೋಣೆಯನ್ನು ಒಮ್ಮೆ ನೋಡಿದಳು.

"ಏನೇ ತಾಮೂ, ಊರಿನ ಹಾಸಿಗೆಗೆಲ್ಲ ಮದುವಣಗಿತ್ತಿ ಹಾಗೆ ಸಿಂಗಾರ ಮಾಡ್ತೀಯ, ನಿನ್ನ ಮಗಳ ಮಾವನ್ನ ಈ ಹಳೇ ಕಂಬಳಿ ಮೇಲೆ ಕೂರಿಸ್ತೀಯಾ?"

"ಸುಮ್ನಿರೇ, ನಾಲ್ಕು ದಿನ ಇದೆ," ಎಂದಳು ತಾಮೂ. ಮಾತು ಮಾತ್ರ ಮನಸ್ಸಿಗೆ ನಾಟಿತು.

ಹೊಸ ಬಟ್ಟೆ ತರುವ ಯೋಚನೆಯೇ ಅವಳಿಗೆ ಬರಲಿಲ್ಲ. ಅವಳ ಕಸುಬಿನ ದೊಡ್ಡ ಗುಟ್ಟು ಬೇರೆ ಇತ್ತು. ಅಂಥ ಜರಿಬಟ್ಟೆಗೆ ಹೊರಮೈ ಎಷ್ಟು ಚಂದವೋ ಒಳಮೈಯೂ ಅಷ್ಟೇ ಚಂದ, ಬಣ್ಣ ಮಾತ್ರ ಅದಲುಬದಲು. ಸಾಮಾನಿನ ಜಾಗವಂತೂ ಬದಲಾಗುವುದಿಲ್ಲ ಎಂದುಕೊಂಡು ಹೊಲಿಗೆ ಬಿಚ್ಚಿ ಮಗುಚಿದಳು. ಇಪ್ಪತ್ತೇಳು ವರ್ಷ ಬಿಸಿಲು ಕಾಣದ ಒಳಮೈ ನೇಕಾರನ ಮಗ್ಗದಿಂದ ನಿನ್ನೆ ಇಳಿದಂತಿತ್ತು: ಹಳದಿ ಒಡಲು, ಕೆಂಪು ಹೂ. ಅವಳಿಗೆ ಕಣ್ಣು ತುಂಬಿ ಬಂತು. ತನ್ನ ಗಂಡ ಇಂಥ ಬಟ್ಟೆ ತಂದಿದ್ದ ಎಂದು ಹೆಮ್ಮೆಪಟ್ಟಳು.

ಮೂರು ದಿನ ಅವಳೂ ಸುಕೈನಾಳೂ ಬಾಗಿಲು ಹಾಕಿಕೊಂಡು ಹೊಲಿದರು. ಮೀಲೂದನನ್ನು ಮಾಳಿಗೆಯ ಮೇಲೆ ಉಣ್ಣೆಯ ರಾಶಿಯ ಮುಂದೆ ಕೂರಿಸಿದ್ದರು. ಅವನ ತಲೆ ಮರೆತದ್ದನ್ನು ಬೆರಳು ಮರೆತಿರಲಿಲ್ಲ. ಎಳೆ ಎಳೆಯಾಗಿ ಬಿಡಿಸುತ್ತ, ಏನೋ ಗುನುಗುತ್ತ ದಿನವಿಡೀ ಸುಖವಾಗಿದ್ದ.

ಶುಕ್ರವಾರ ಬೆಳಗ್ಗೆ ತಾಮೂ ಅವನ ಕೈಹಿಡಿದು ಕೋಣೆಯ ಬಾಗಿಲಿಗೆ ಕರೆತಂದಳು. "ನೋಡ್ರೀ. ನಿಮ್ಮ ಮನೆ ನಿಮ್ಗೇ ಗುರ್ತು ಸಿಗುತ್ತಾ?"

ಮೀಲೂದ್ ಹೊಸಿಲಲ್ಲಿ ನಿಂತು ನೋಡಿದ. ಚಪ್ಪಲಿ ಬಿಟ್ಟ. "ಅಸ್ಸಲಾಮು ಅಲೈಕುಮ್. ದೇವರು ಈ ಮನೆಗೆ ಒಳ್ಳೇದು ಮಾಡ್ಲಿ," ಎಂದು ದಿವಾನಿನ ಅಂಚಿನಲ್ಲಿ ಕೂತ. ಅಂಚಿನಲ್ಲಿ, ಪರರ ಮನೆಯಲ್ಲಿ ಕೂರುವ ಹಾಗೆ.

ತಾಮೂಳಿಗೆ ನಗು ತಡೆಯಲಾಗಲಿಲ್ಲ. "ಶುರು ಮಾಡಿದ್ರಪ್ಪಾ," ಎಂದು ಅಡುಗೆಮನೆಗೆ ಓಡಿದಳು. ಒಲೆಯ ಮೇಲೆ ಕೋಳಿ ಇತ್ತು, ಬಾದಾಮಿ ಹುರಿಯುವುದಿತ್ತು. ಮೀಸೆಯ ತುದಿ ನೋಡಲು ಪುರುಸೊತ್ತು ಎಲ್ಲಿತ್ತು?

ಗಂಡಿನ ಕಡೆಯವರು ಗೋಪುರದಾಕಾರದ ಸಕ್ಕರೆ ಅಚ್ಚು, ಗೋರಂಟಿ, ಖರ್ಜೂರ ಹಿಡಿದು ಬಂದರು. ಗಂಡಿನ ತಾಯಿ ದಿವಾನಿನ ಮೇಲೆ ಕೈಯಾಡಿಸಿ, "ಇಂಥಾ ಬಟ್ಟೆ ಈಗೆಲ್ಲಿ ಸಿಗುತ್ತೆ ತಾಮೂ ಅವರೇ, ತುಂಬಾ ಖರ್ಚು ಮಾಡ್ಬಿಟ್ರಿ!" ಎಂದಳು. ತಾಮೂ ಮುಗುಳ್ನಕ್ಕಳು. ಮೀಲೂದ್ ಯಾರಿಗೂ ಅನುಮಾನ ಬಾರದ ಹಾಗೆ ಬಾಯ್ತುಂಬ ಹರಸಿದ, ಮೂರು ಲೋಟ ಚಹಾ ಕುಡಿದ. ಶುಭಕ್ಕೆಂದು ಫಾತಿಹಾ ಓದಿ ಮಾತು ಗಟ್ಟಿಯಾಯಿತು. ಸಂಜೆಯ ಪ್ರಾರ್ಥನೆಗೆ ಮುಂಚೆ ಅವರು ಹೊರಟರು. ಸುಕೈನಾ ಅವರನ್ನು ಬೀದಿಯ ಕೊನೆಯವರೆಗೆ ಬಿಡಲು ಹೋದಳು.

ತಾಮೂ ಬಾಗಿಲಿಗೆ ಬೆನ್ನು ಹಾಕಿ ತಟ್ಟೆ ತೊಳೆಯುತ್ತಿದ್ದಳು. ಹಿಂದಿನಿಂದ ಮೀಲೂದನ ದನಿ ಕೇಳಿತು.

"ಊಟ ತುಂಬಾ ಚೆನ್ನಾಗಿತ್ತು ತಾಯಿ. ಹೊತ್ತಾಯ್ತು, ನಾನಿನ್ನು ಬರ್ತೀನಿ. ಮನೇಲಿ ಹೆಂಡ್ತಿ ಕಾಯ್ತಿರ್ತಾಳೆ."

ಅವಳು ಅಂದು ಖುಷಿಯಲ್ಲಿದ್ದಳು. ಮಗಳ ಮಾತು ಮುಗಿದಿತ್ತು, ಕೋಣೆಯನ್ನು ಹೊಗಳಿದ್ದರು, ಗಂಡ ಎರಡು ವರ್ಷದ ಮೇಲೆ ಹಳೆಯ ತಮಾಷೆಗೆ ಮರಳಿದ್ದ. ತಿರುಗಿ ನೋಡದೆ ಹೇಳಿಬಿಟ್ಟಳು:

"ಹೋಗಿ ಬನ್ನಿ, ಹೋಗಿ ಬನ್ನಿ. ನಿಮ್ಮ ಹೆಂಡ್ತಿಗೆ ನನ್ನ ಸಲಾಮು ಹೇಳಿ!"

ತಟ್ಟೆಗಳೆಲ್ಲ ಮುಗಿದ ಮೇಲೆ ಅವನನ್ನು ಕರೆದಳು. ಬಾಗಿಲು ತೆರೆದಿತ್ತು, ಅವನ ಚಪ್ಪಲಿ ಇರಲಿಲ್ಲ.

ತಾಮೂ ಒಂದು ಕಡೆ, ಸುಕೈನಾ ಇನ್ನೊಂದು ಕಡೆ ಓಡಿದರು. ಮನೆ ನೋಡಿಕೊಳ್ಳಲು ಬಹೀಜಾ ಬಂದು ಕೂತಳು. ಪ್ರಾರ್ಥನೆಯ ಹೊತ್ತಾಗಿ ಅವಳು ಅಂಗಳದಲ್ಲಿ ಚಾಪೆ ಹಾಸಿ ನಿಂತಿದ್ದಾಗ ಬಾಗಿಲಲ್ಲಿ ಯಾರೋ ಬಂದದ್ದು ಕೇಳಿಸಿತು. ಬಂದವರು ಅತಿಥಿಕೋಣೆಯೊಳಗೆ ಇಣುಕಿದರು. "ಕ್ಷಮಿಸಿ, ಮನೆ ತಪ್ಪಾಯ್ತು," ಎಂದರು. ದನಿ ಮೀಲೂದನದು. ಬಹೀಜಾ ಹಣೆ ನೆಲಕ್ಕಿಟ್ಟಿದ್ದಳು. ಪ್ರಾರ್ಥನೆ ಮುಗಿಸಿ ಎದ್ದು ಬೀದಿಗೆ ಓಡುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ತಾಮೂ ಮರಳಿ ಬಂದಾಗ ಅದನ್ನು ಹೇಳುತ್ತ ಅವಳು ಎದೆ ಎದೆ ಬಡಿದುಕೊಂಡಳು. "ಪ್ರಾರ್ಥನೆ ಮುರಿದು ಓಡಿದ್ರೂ ದೇವರು ಏನೂ ಅಂತಿರ್ಲಿಲ್ಲ ಕಣೇ, ನಂಗ್ಯಾಕೆ ಹೊಳೀಲಿಲ್ಲ!"

ತಾಮೂ ಅವಳನ್ನು ಬೈಯಲಿಲ್ಲ. ಹಳದಿ ಕೋಣೆಯ ಹೊಸಿಲಲ್ಲಿ ಕೂತಳು. ಅವನು ಮನೆಗೆ ಬಂದಿದ್ದ. ಮರೆವಿನಲ್ಲೂ ದಾರಿ ಹುಡುಕಿಕೊಂಡು ಸರಿಯಾಗಿ ತನ್ನ ಬಾಗಿಲಿಗೇ ಬಂದಿದ್ದ. ಅವನನ್ನು ಹಿಂದಕ್ಕೆ ಕಳಿಸಿದ್ದು ಅವಳ ಹೊಲಿಗೆ.

ಮಾರನೆಯ ದಿನವೆಲ್ಲ ಮಳೆ ಹೊಯ್ಯಿತು. ಮೂರನೆಯ ದಿನ ಬೆಳಗ್ಗೆ ಹಳೆಯ ಉಣ್ಣೆಪೇಟೆಯ ಕಮಾನಿನ ಕೆಳಗೆ ಅವನು ಸಿಕ್ಕಿದ. ಬಟ್ಟೆಯೆಲ್ಲ ಒದ್ದೆ, ಮೈ ಸುಡುತ್ತಿತ್ತು. ಅಲ್ಲಿಯ ನೂಲು ಮಾರುವ ಹೆಂಗಸೊಬ್ಬಳು ಗುರುತು ಹಿಡಿದು ಹೇಳಿ ಕಳಿಸಿದ್ದಳು. ಅವನು ಮನೆಮನೆಯ ಬಾಗಿಲು ತಟ್ಟಿ, ಕೋಣೆಯೊಳಗೆ ಇಣುಕಿ, ಕ್ಷಮೆ ಕೇಳಿ ಮುಂದೆ ಹೋಗುತ್ತಿದ್ದನಂತೆ. "ದಾರಿ ಎಲ್ಲ ಸರಿಯಾಗೇ ಇದೆ ತಾಯಿ," ಎಂದಿದ್ದನಂತೆ ಅವಳಿಗೆ. "ಕೆಂಪು ಕೋಣೆ ಇರೋ ಮನೆಯನ್ನೇ ಯಾರೋ ತಗೊಂಡು ಹೋಗ್ಬಿಟ್ಟಿದಾರೆ."

ಎದೆಗೆ ನೆಗಡಿ ಇಳಿದು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಬಹಳ ಹೊತ್ತು ನಿದ್ದೆ, ಎಚ್ಚರವಾದರೆ ಛಾವಣಿ ನೋಡುತ್ತ ಮಲಗುತ್ತಿದ್ದ. ಹಗಲು ಅವನ ಬಳಿ ಕೂತು ಬಂದು ತಾಮೂ ಸಂಜೆ ಹೊಲಿಗೆ ಬಿಚ್ಚತೊಡಗಿದಳು.

"ಅಮ್ಮಾ, ಮದುವೆ ಮಾತಾಡೋಕೆ ಅವರು ಮತ್ತೆ ಬರ್ತಾರೆ," ಎಂದಳು ಸುಕೈನಾ. "ಆ ಹಳೇದನ್ನ ನೋಡಿ ಏನಂದ್ಕೋತಾರೆ?"

"ಬಡವರು ಅಂದ್ಕೊಳ್ಲಿ. ನಿಜಾನೇ ಅಲ್ವಾ? ಈ ಕೋಣೆ ಬಂದು ಹೋಗೋರಿಗೆ ಅಂತ ಮಾಡಿದೆ. ಇರೋನು ಎದ್ದು ಹೋದ."

ಸುಕೈನಾ ಕತ್ತರಿ ತಂದು ಅಮ್ಮನ ಪಕ್ಕದಲ್ಲಿ ಕೂತಳು. ಬಟ್ಟೆ ಮತ್ತೆ ಮಗುಚಿತು. ಇಟ್ಟಿಗೆ ಬಣ್ಣದ ಕೆಂಪು, ಹುಡುಕಿದರೆ ಸಿಗುವ ಹೂ. ಹಳೆಯ ಸೂಜಿತೂತುಗಳು ಇದ್ದಲ್ಲೇ ತಾಮೂ ಒಂದೊಂದೇ ಹೊಲಿಗೆ ಹಾಕಿದಳು. ಮೀಲೂದನ ಮೂಲೆಯ ಹತ್ತಿರ ಚಹಾ ಚೆಲ್ಲಿದ ಕಲೆಯೊಂದಿತ್ತು. ಅದು ಅದೇ ಜಾಗಕ್ಕೆ ಬರುವ ಹಾಗೆ ಮೂರು ಸಲ ಬಿಚ್ಚಿ ಮೂರು ಸಲ ಹೊಲಿದಳು. ಇಷ್ಟು ಜತನದಿಂದ ಅವಳು ಯಾರ ಮನೆಯಲ್ಲೂ ಕೆಲಸ ಮಾಡಿರಲಿಲ್ಲ, ಅದೂ ಒಂದು ಹಳೆಯ ಕೋಣೆ ಹಳೆಯದಾಗಿಯೇ ಕಾಣಲಿ ಎಂದು.

ಮೀಲೂದನನ್ನು ಮನೆಗೆ ಕರೆತಂದದ್ದು ಬಿಸಿಲಿನ ಮಧ್ಯಾಹ್ನ. ಸುಕೈನಾ ತೋಳು ಹಿಡಿದಿದ್ದಳು. ಅವನು ಹೊಸಿಲಲ್ಲಿ ನಿಂತ. ಕೋಣೆಯನ್ನು ನೋಡುತ್ತ ನೋಡುತ್ತ ಅವನ ಮುಖ ಅರಳಿತು.

"ಅಲ್‌ಹಮ್ದುಲಿಲ್ಲಾ. ಬಂದೆನಪ್ಪಾ ಮನೆಗೆ," ಎಂದ. ನೇರವಾಗಿ ಹೋಗಿ ತನ್ನ ಮೂಲೆಯಲ್ಲಿ ಕೂತ, ದಿಂಬಿಗೆ ಒರಗಿದ, ಚಹಾದ ಕಲೆಯ ಮೇಲೆ ಅಂಗೈ ಇಟ್ಟ.

ಬಾಗಿಲಲ್ಲಿ ನಿಂತ ತಾಮೂ ಸೆರಗಿನಂತೆ ಹೊದ್ದಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಗೆದ್ದೆ ಎನಿಸಿತು ಅವಳಿಗೆ. ಆಗ ಅವನು ಅವಳನ್ನು ನೋಡಿದ.

"ಯಾಕಮ್ಮಾ ಅಲ್ಲೇ ನಿಂತೆ? ಬಾ, ಕೂತ್ಕೋ. ಬಟ್ಟೆ ಹೊಲಿಸೋಕೆ ಬಂದ್ಯಾ? ತಾಮೂ ಹೊರಗೆ ಹೋಗಿದಾಳೆ, ಈಗ ಬರ್ತಾಳೆ."

ತಾಮೂ ಅವನ ಎಡಮೀಸೆಯ ತುದಿಯನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಅದು ಅಲುಗಲಿಲ್ಲ.

ಬಂದವರು ಕೂರುವ ಕಡೆ, ದಿವಾನಿನ ಅಂಚಿನಲ್ಲಿ ಅವಳು ಕೂತಳು. "ಯಾವಾಗ ಬರ್ತಾಳೆ?" ಎಂದು ಕೇಳಿದಳು.

"ಬಟ್ಟೆ ಪೇಟೆಗೆ ಹೋದ್ರೆ ಅವಳಿಗೆ ಹೊತ್ತು ಗೊತ್ತಾಗಲ್ಲ. ತುಂಡು ಹೆಕ್ಕೋಕೆ ನಿಂತ್ಬಿಡ್ತಾಳೆ." ಅವನು ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಆದ್ರೆ ಒಂದು ಹೇಳ್ತೀನಿ ಕೇಳು. ಈ ಊರಲ್ಲಿ ಅವಳ ಕೈ ಇನ್ನೊಬ್ಬರಿಗಿಲ್ಲ. ಚಿಂದಿ ಕೊಡು, ಅರಮನೆ ಮಾಡಿಕೊಡ್ತಾಳೆ. ನಾನು ಅವಳ ಮುಂದೆ ಹೇಳಲ್ಲ, ಹೇಳಿದ್ರೆ ತಲೆ ಮೇಲೆ ಹತ್ತಿ ಕೂತ್ಕೋತಾಳೆ. ನೀನೂ ಹೇಳ್ಬೇಡ."

"ಹೇಳಲ್ಲ," ಎಂದಳು ತಾಮೂ.

ಸುಕೈನಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ತಾಮೂ ಚಹಾ ಇಡಲೆಂದು ಎದ್ದಳು. ಮೀಲೂದನೂ ಮನೆಯ ಯಜಮಾನ ಅತಿಥಿಯನ್ನು ಕಳಿಸಿಕೊಡುವ ಹಾಗೆ ಅರ್ಧ ಎದ್ದ.

"ಹೊರಟೇ ಬಿಟ್ಯಾ? ಬಂದ್ಮೇಲೆ ಅವಳಿಗೆ ಏನು ಹೇಳ್ಲಿ?"

"ನನ್ನ ಸಲಾಮು ಹೇಳಿ," ಎಂದು ತಾಮೂ ಅಡುಗೆಮನೆಗೆ ಹೋದಳು.